ತೋಟದ ಕೆರೆ ಏರಿಯ ಬುಡದಲ್ಲಿ ಕೆಂಪು ನೀರು ಜಿನುಗುತ್ತಿದೆ, ತುರ್ತಾಗಿ ಏನು ಮಾಡಬೇಕು?

ಕಾಫಿಕಣಿವೆ (ಜುಲೈ, ಬೆಳಿಗ್ಗೆ 7:10)

ನಮಸ್ಕಾರ. ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಅಪ್ಪ 20 ವರ್ಷದ ಹಿಂದೆ ಕಣಿವೆಗೆ ಅಡ್ಡವಾಗಿ ಮಣ್ಣಿನ ಏರಿ ಹಾಕಿಸಿ ಕಟ್ಟಿಸಿದ ಕೆರೆ ಇದೆ. ಏರಿ ಎತ್ತರ 6 ಮೀಟರ್, ಉದ್ದ 70 ಮೀಟರ್, ನೀರು ನಿಲ್ಲುವ ಜಾಗ ಅರ್ಧ ಎಕರೆ. ಕಾಫಿ ಹೂ ಬಿಡಲು ಬೇಕಾದ ಹೂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ಇದೇ ನೀರು. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ.

ಏರಿಯ ಹೊರಬದಿ ಬುಡದಲ್ಲಿ, ತೂಬಿನ ಪೈಪು ಹೊರಬರುವಲ್ಲಿಂದ ಒಂದು ಮಾರು ಆಚೆ, ಮಳೆಗಾಲದಲ್ಲಿ ಯಾವಾಗಲೂ ತೇವ ಇರುತ್ತಿತ್ತು. ಮೂರು ದಿನದಿಂದ ಬೆರಳು ಗಾತ್ರದ ಧಾರೆ ಬರುತ್ತಿದೆ. ನಿನ್ನೆ ಸಂಜೆಯಿಂದ ನೀರು ಕೆಂಪಾಗಿದೆ. ಸಿಮೆಂಟು ಹಾಕಿ ಮುಚ್ಚೋಣ ಅಂತಾರೆ ನಮ್ಮ ರೈಟರ್. ಕೆಳಗೆ 200 ಮೀಟರ್ ದೂರದಲ್ಲಿ ಕೆಲಸಗಾರರ ಲೈನ್ ಮನೆಗಳಿವೆ, ನಾಲ್ಕು ಸಂಸಾರ. ಅದರಾಚೆ ಪಕ್ಕದವರ ಗದ್ದೆ. ರಾತ್ರಿ ನಿದ್ದೆ ಬರಲಿಲ್ಲ.

ಮೆಣಸಿನಬಳ್ಳಿ (7:35)

ನಮ್ಮಲ್ಲೂ ಹೀಗೇ ಆಗಿತ್ತು. ಹುತ್ತದ ಮಣ್ಣು ಕಲಸಿ ತೂತಿಗೆ ಬಿಗಿಯಾಗಿ ತುರುಕಿ ಮೇಲೆ ಕಲ್ಲು ಹೇರಿದ್ವಿ, ನಿಂತಿತು.

ಹಳೇ ತೂಬು (7:50)

ದಯವಿಟ್ಟು ಹೊರಗಿನಿಂದ ಮುಚ್ಚಬೇಡಿ, ಸಿಮೆಂಟೂ ಬೇಡ, ಹುತ್ತದ ಮಣ್ಣೂ ಬೇಡ. ಸಣ್ಣ ನೀರಾವರಿ ಕೆಲಸದಲ್ಲೇ ನನ್ನ ಸರ್ವೀಸೆಲ್ಲ ಕಳೆದಿದೆ. ಹೀಗೆ ಮುಚ್ಚಿ ನಿಂತಿತು ಅಂದುಕೊಂಡ ಏರಿಗಳು ಎಲ್ಲಿ ಹೋದವು ಅಂತ ಕಣ್ಣಾರೆ ಕಂಡಿದ್ದೇನೆ. ಬಾಯಿ ಮುಚ್ಚಿದರೆ ನೀರು ಏರಿಯ ಒಳಗೇ ಒತ್ತಡ ಕಟ್ಟಿಕೊಂಡು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ, ಅದೂ ನಮ್ಮ ಕಣ್ಣಿಗೆ ಬೀಳದ ಕಡೆ.

ಮಣ್ಣಿನ ಏರಿ ಸ್ವಲ್ಪ ಒಸರುವುದು ಸಹಜ. ತಿಳಿ ನೀರು, ದಿನದಿಂದ ದಿನಕ್ಕೆ ಹೆಚ್ಚಾಗದೆ ಬರುತ್ತಿದ್ದರೆ ಅಳತೆ ಇಟ್ಟುಕೊಂಡು ಕಾಯಬಹುದು. ನೀರು ಕೆಂಪಾಯಿತು ಅಂದರೆ ಏರಿಯ ಮಣ್ಣೇ ಅದರ ಜೊತೆ ಹೊರಗೆ ಹೋಗುತ್ತಿದೆ ಅಂತ. ಹೊರತುದಿಯಿಂದ ಶುರುವಾದ ಸಣ್ಣ ಬಿಲ ಹಿಂದಕ್ಕೆ, ಕೆರೆಯ ಕಡೆಗೆ ಕೊರೆಯುತ್ತಾ ಹೋಗುತ್ತದೆ. ಅದು ನೀರಿಗೆ ಮುಟ್ಟಿದ ಮೇಲೆ ನಮಗೆ ಉಳಿಯುವುದು ಗಂಟೆಗಳ ಲೆಕ್ಕ.

ಮೊದಲು ಲೈನ್ ಮನೆಯವರನ್ನು ಇವತ್ತೇ ಮೇಲಿನ ಬಂಗಲೆಗೋ ಗೋದಾಮಿಗೋ ಕರೆತನ್ನಿ. ಗದ್ದೆಯವರಿಗೆ, ಪಂಚಾಯಿತಿಗೆ, ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. 2018ರ ಮೇ ತಿಂಗಳಲ್ಲಿ ಕೆನ್ಯಾದ ಸೊಲಾಯಿಯಲ್ಲಿ ಒಂದು ಖಾಸಗಿ ತೋಟದ ನೀರಾವರಿ ಕಟ್ಟೆ ರಾತ್ರಿ ಹೊತ್ತು ಒಡೆದು, ಕೆಳಗಿನ ಊರಿನ 40ಕ್ಕೂ ಹೆಚ್ಚು ಜನ ಸತ್ತರು. ನಿಮ್ಮದು ಅದಕ್ಕಿಂತ ಬಹಳ ಚಿಕ್ಕದು, ಆದರೆ ಅರ್ಧ ಎಕರೆಯಲ್ಲಿ ಸರಾಸರಿ 3 ಮೀಟರ್ ಆಳ ಅಂದರೂ 60 ಲಕ್ಷ ಲೀಟರ್ ನೀರು. ಶೀಟಿನ ಮನೆಗಳು ಅದನ್ನು ತಡೆಯುವುದಿಲ್ಲ.

ಆಮೇಲೆ ಇಷ್ಟು ತಿಳಿಸಿ: ಆ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಇಟ್ಟರೆ ತಳದಲ್ಲಿ ಮಣ್ಣು ಕೂರುತ್ತದಾ? ಪೈಪಿನ ವಾಲ್ವ್ ಕೆರೆಯ ಒಳಗಿದೆಯೋ ಹೊರಗೋ? ಏರಿ ಮೇಲೆ ಮರಗಳಿವೆಯಾ? ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಹೇಗಿದೆ, ನೀರು ಏರಿಯ ತಲೆಗಿಂತ ಎಷ್ಟು ಕೆಳಗಿದೆ?

ಕಾಫಿಕಣಿವೆ (9:20)

ಲೈನ್ ಮನೆಯವರನ್ನು ಕರೆತಂದೆವು ಸರ್, ಫೋನುಗಳೂ ಆದವು. ಬಾಟಲಿಯ ತಳದಲ್ಲಿ ಒಂದು ಬೆರಳಷ್ಟು ಮಣ್ಣು ಕೂತಿದೆ. ಪೈಪು 6 ಇಂಚಿನ ಕಬ್ಬಿಣದ್ದು, ವಾಲ್ವ್ ಹೊರಗಡೆ. ಹೊರ ಇಳಿಜಾರಿನಲ್ಲಿ ಏಳು ಸಿಲ್ವರ್ ಮರ ಇವೆ, ಮೆಣಸು ಹಬ್ಬಿಸಿದ್ದೇವೆ. ಕೋಡಿ ವಿಷಯ ಹೇಳಲೇಬೇಕು. ಎರಡು ವರ್ಷದಿಂದ ಬೇಸಿಗೆಗೆ ನೀರು ಸಾಲುತ್ತಿಲ್ಲ ಅಂತ ಕೋಡಿಗೆ ಮರಳು ಚೀಲ ಅಡ್ಡ ಇಟ್ಟು ಎರಡು ಅಡಿ ಎತ್ತರಿಸಿದ್ದೆ. ಮೀನು ಹೋಗದ ಹಾಗೆ ಬಲೆಯನ್ನೂ ಕಟ್ಟಿದೆ. ಈಗ ನೀರು ಏರಿಯ ತಲೆಗಿಂತ ಒಂದೂವರೆ ಅಡಿ ಮಾತ್ರ ಕೆಳಗಿದೆ.

ಹಳೇ ತೂಬು (9:40)

ಹೇಳಿದ್ದು ಒಳ್ಳೆಯದಾಯಿತು ಮೇಡಂ, ಬಹಳ ಜನ ಹೇಳುವುದಿಲ್ಲ. ಕೋಡಿ ಅಂದರೆ ಏರಿಯ ಪ್ರಾಣ. ಲೆಕ್ಕ ನೋಡಿ. ನಿಮ್ಮ ಕೆರೆಗೆ ಹತ್ತು ಎಕರೆ ಜಾಗದ ನೀರು ಇಳಿಯುತ್ತದೆ ಅಂದುಕೊಳ್ಳಿ. ಒಂದೇ ದಿನ 200 ಮಿ.ಮೀ. ಮಳೆ ಬಂದರೆ, ಮಲೆನಾಡಿನಲ್ಲಿ ಅದೇನೂ ಅಪರೂಪವಲ್ಲ, ಆ ಹತ್ತು ಎಕರೆ ಮೇಲೆ ಬೀಳುವುದೇ 80 ಲಕ್ಷ ಲೀಟರ್. ಅಂದರೆ ಒಂದು ತುಂಬು ಕೆರೆಗಿಂತ ಹೆಚ್ಚು. ಅದು ಹೋಗುವ ಬಾಗಿಲಿಗೆ ನೀವು ಚೀಲ ಇಟ್ಟಿದ್ದೀರಿ. ತರಗೆಲೆ ಬಂದು ಬಲೆಗೆ ಸಿಕ್ಕಿದರೆ ಅದೂ ಗೋಡೆಯೇ. ಮಣ್ಣಿನ ಏರಿಯ ತಲೆ ಮೇಲೆ ನೀರು ಹತ್ತಿದರೆ ಅದು ಉಳಿಯುವುದಿಲ್ಲ.

ಬಲೆಯನ್ನು ಈಗಲೇ ಕತ್ತರಿಸಿ. ಚೀಲಗಳನ್ನು ಮೇಲಿನ ಸಾಲಿನಿಂದ ಒಂದೊಂದಾಗಿ ತೆಗೆಯಿರಿ, ಎಲ್ಲವನ್ನೂ ಒಟ್ಟಿಗೆ ಎಳೆದರೆ ಕೋಡಿಯ ಕೆಳಗಿನ ಮಣ್ಣು ಕೊಚ್ಚಿಹೋಗುತ್ತದೆ. ವಾಲ್ವ್ ಪೂರ್ತಿ ತೆರೆಯಿರಿ. ತೆರೆದಾಗ ಒಸರು ಕಡಿಮೆಯಾದರೆ ಪೈಪೇ ಏರಿಯ ಹೊಟ್ಟೆಯಲ್ಲಿ ತೂತಾಗಿದೆ ಅಂತ ಅನುಮಾನಪಡಬೇಕು. ವಾಲ್ವ್ ಹೊರಗಿದ್ದರೆ ವರ್ಷವಿಡೀ ಪೈಪಿನೊಳಗೆ ಕೆರೆಯ ಒತ್ತಡ ಇದ್ದೇ ಇರುತ್ತದೆ, ತುಕ್ಕು ತಿಂದ ಜಾಗದಲ್ಲಿ ಅದು ಮಣ್ಣಿಗೆ ಚಿಮ್ಮುತ್ತದೆ. ಸ್ಪ್ರಿಂಕ್ಲರ್ ಎಂಜಿನ್ ಗೋದಾಮಿನಲ್ಲಿ ಸುಮ್ಮನೆ ಇದೆಯಲ್ಲ, ಅದನ್ನೂ ಹಚ್ಚಿ. ನೀರನ್ನು ಏರಿಯ ಬುಡಕ್ಕೆ ಬಿಡದೆ ಪಕ್ಕದ ಹಳ್ಳಕ್ಕೆ ದಾಟಿಸಿ.

ಸಾಮಾನ್ಯವಾಗಿ ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬಾರದು, ನೆನೆದ ಒಳಬದಿ ಜರಿಯುತ್ತದೆ. ಆದರೆ ಇಂದು ಧಾರೆ ದಪ್ಪವಾದರೆ ಆ ಲೆಕ್ಕ ಬಿಟ್ಟು ಎಷ್ಟಾದರೆ ಅಷ್ಟು ಇಳಿಸಿ. ಒಳಬದಿ ಜರಿದರೆ ಸರಿಪಡಿಸಬಹುದು.

ಒಸರುವ ಬಾಯಿಯ ಮೇಲೆ ತೊಳೆದ ದಪ್ಪ ಮರಳು ಒಂದು ಅಡಿ, ಅದರ ಮೇಲೆ ಸಣ್ಣ ಜೆಲ್ಲಿ, ಅದರ ಮೇಲೆ ದಪ್ಪ ಜೆಲ್ಲಿ, ಕೊನೆಗೆ ಕಾಡುಕಲ್ಲು. ಸುತ್ತಲೂ ಎರಡು ಅಡಿ ಅಗಲ ಜಾಸ್ತಿ ಹರಡಿ. ನೀರು ಹೊರಬರಲಿ, ಮಣ್ಣು ಒಳಗೇ ಉಳಿಯಲಿ. ಪ್ಲಾಸ್ಟಿಕ್ ಶೀಟು ಹಾಸಬೇಡಿ.

ಗದ್ದೆಬದು (10:05)

ಏಡಿ ಬಿಲಗಳನ್ನೂ ನೋಡಿ ಅಕ್ಕ. 2019ರಲ್ಲಿ ರತ್ನಾಗಿರಿಯ ತಿವರೆ ಕಟ್ಟೆ ಒಡೆದಾಗ ಏಡಿಗಳೇ ಕಾರಣ ಅಂತ ಅಲ್ಲಿನ ಮಂತ್ರಿಗಳು ಹೇಳಿದ್ದರು.

ಹಳೇ ತೂಬು (10:15)

ಏಡಿ, ಮುಳ್ಳುಹಂದಿ, ಇಲಿ ಎಲ್ಲವೂ ಕೊರೆಯುತ್ತವೆ, ನಿಜ. ಆದರೆ ತಿವರೆಯಲ್ಲಿ ನೀರು ಸೋರುತ್ತಿದೆ ಅಂತ ಊರಿನವರು ಮುಂಚೆಯೇ ದೂರಿದ್ದರು. ಬಿಲ ಇದ್ದದ್ದಕ್ಕಿಂತ, ಆ ಸೋರಿಕೆಯನ್ನು ಸಮಯಕ್ಕೆ ಸರಿಯಾಗಿ ನಿಲ್ಲಿಸದಿದ್ದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಏರಿ ಒಸರುವುದು ಕೆರೆಯ ದೋಷ ಅಂತ ಆಂಧ್ರದ ಪೊರುಮಾಮಿಳ್ಳ ಕೆರೆಯ 1369ರ ಶಾಸನದಲ್ಲೇ ಕೆತ್ತಿದ್ದಾರೆ, ಕೆರೆ ಕಟ್ಟಿಸಿದವನು ವಿಜಯನಗರದ ರಾಜಕುಮಾರ.

ಕಾಫಿಕಣಿವೆ (ಎರಡು ದಿನದ ಮೇಲೆ)

ನೀರು ಮೂರು ಅಡಿ ಇಳಿದಿದೆ. ಮೊದಲ ರಾತ್ರಿ ಟಾರ್ಚ್ ಹಿಡಿದು ಗಂಟೆಗೊಮ್ಮೆ ನೋಡಿದೆವು. ವಾಲ್ವ್ ತೆರೆದ ಕೂಡಲೇ ಧಾರೆ ಅರ್ಧಕ್ಕೆ ಇಳಿಯಿತು. ಜೆಲ್ಲಿ ಹಾಕಿದ ಮೇಲೆ ಬರುವ ನೀರು ತಿಳಿಯಾಗಿದೆ. 20 ಲೀಟರ್ ಬಕೆಟ್ ತುಂಬಲು ಮೊದಲು ಒಂದೂವರೆ ನಿಮಿಷ ಬೇಕಿತ್ತು, ಈಗ ಆರು ನಿಮಿಷ. ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಇಂಥ ಕೆರೆಗಳನ್ನು ಯಾವ ಇಲಾಖೆಯೂ ಬಂದು ನೋಡುವುದಿಲ್ಲವಾ ಸರ್?

ಹಳೇ ತೂಬು

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಮತ್ತೆ 10ರಿಂದ 15 ಮೀಟರ್ ಇದ್ದು ಕೆಲವು ಷರತ್ತಿಗೆ ಒಳಪಡುವವಕ್ಕೆ. 6 ಮೀಟರ್ ಏರಿಗೆ ನೀವೇ ಎಂಜಿನಿಯರು, ನೀವೇ ನೀರುಗಂಟಿ. ಈ ಮಳೆಗಾಲ ಮುಗಿಯುವ ತನಕ ವಾಲ್ವ್ ತೆರೆದೇ ಇರಲಿ, ಕೆರೆ ತುಂಬಿಸಬೇಡಿ. ಈ ವರ್ಷದ ಹೂವಿನ ನೀರು ಹೋಯಿತು ಅಂತಲೇ ತಿಳಿಯಿರಿ.

ಕಾಫಿಕಣಿವೆ (ಮಾರ್ಚ್)

ಏರಿ ಅಗೆದು ಪೈಪು ತೆಗೆದೆವು. ಮಧ್ಯದಲ್ಲಿ ತುಕ್ಕು ತಿಂದು ಅಂಗೈಯಷ್ಟು ಅಗಲ ಹೋಗಿತ್ತು. ಅಲ್ಲಿಂದ ಹೊರಗಿನ ತನಕ ಪೈಪಿನ ಕೆಳಗೆ ಕೈ ಹೋಗುವಷ್ಟು ಪೊಳ್ಳು. ಒಂದು ಸಿಲ್ವರ್ ಬೇರು ಅದೇ ಪೊಳ್ಳಿನಲ್ಲಿ ಇಳಿದಿತ್ತು. ಅದನ್ನು ನೋಡಿ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹಾಕಿ, ವಾಲ್ವನ್ನು ಕೆರೆಯ ಒಳಬದಿಗೆ ತಂದಿದ್ದೇವೆ. ಹೊರಗಿನ ಮೂರನೇ ಒಂದು ಭಾಗದಲ್ಲಿ ಪೈಪಿನ ಸುತ್ತ ಮರಳು ತುಂಬಿದೆವು. ಜೆಸಿಬಿಯವರು ಬಕೆಟ್‌ನಲ್ಲಿ ಒತ್ತಿದರೆ ಸಾಕು ಅಂದರು, ಒಪ್ಪಲಿಲ್ಲ. ಅರ್ಧ ಅಡಿ ಮಣ್ಣು ಹರಡಿ, ಮುಷ್ಟಿಯಲ್ಲಿ ಉಂಡೆ ಕಟ್ಟುವಷ್ಟು ಮಾತ್ರ ನೀರು ಚಿಮುಕಿಸಿ, ಪದರಕ್ಕೊಮ್ಮೆ ರೋಲರ್ ಓಡಿಸಿದೆವು. ಮರಗಳನ್ನು ಕಡಿದು ಬಿಡದೆ ಬುಡ, ದಪ್ಪ ಬೇರು ಸಮೇತ ಕಿತ್ತು ಗುಂಡಿ ತುಂಬಿಸಿದ್ದೇವೆ. ಕೋಡಿಯನ್ನು ಅಪ್ಪ ಇಟ್ಟಿದ್ದ ಮಟ್ಟಕ್ಕೇ ಇಳಿಸಿ, ಅಗಲ ಎರಡು ಪಟ್ಟು ಮಾಡಿ ಕಲ್ಲು ಹಾಸಿದ್ದೇವೆ.

ಕೊನೆಯದಾಗಿ, ಏರಿ ಬೋಳಾಗಿದೆ. ಮಳೆಗೆ ಮೊದಲು ಕಾಫಿ ಗಿಡ ಹಚ್ಚಲಾ, ಲಾವಂಚ ಹಾಕಲಾ?

ಹಳೇ ತೂಬು

ಕಾಫಿ ಬೇಡ. ಗರಿಕೆ ಸಾಕು, ಮೇ ತಿಂಗಳ ಮೊದಲ ಮಳೆಗೆ ಹಚ್ಚಿ. ಮಳೆಗಾಲದಲ್ಲಿ ಗಿಡ್ಡವಾಗಿ ಸವರಿಸುತ್ತಾ ಇರಿ. ಎಲ್ಲಿ ನೆನೆದಿದೆ, ಎಲ್ಲಿ ಬಿಲ ಬಿದ್ದಿದೆ ಅಂತ ಮೇಲೆ ನಿಂತರೆ ಕಣ್ಣಿಗೆ ಕಾಣಬೇಕು.