2^61 − 1 ಅವಿಭಾಜ್ಯ ಅಲ್ಲ ಅಂತಿದೆ ನನ್ನ ಪ್ರೋಗ್ರಾಂ, ಎಲ್ಲಿ ತಪ್ಪಿದೆ?

ಅಂಕಿಹುಳ:
ನಮಸ್ಕಾರ. ರಜೆಯಲ್ಲಿ ಸುಮ್ನೆ ಕೂರುವ ಬದಲು ಸಿ ಭಾಷೆಯಲ್ಲಿ ಲೂಕಾಸ್-ಲೆಹ್ಮರ್ ಪರೀಕ್ಷೆ ಬರೆದೆ. ಮರ್ಸೆನ್ ಸಂಖ್ಯೆ (2ರ ಯಾವುದೋ ಘಾತದಿಂದ 1 ಕಳೆದದ್ದು) ಅವಿಭಾಜ್ಯವೇ ಎಂದು ಹೇಳುವ ಪರೀಕ್ಷೆ ಇದು. 4ರಿಂದ ಶುರು. ವರ್ಗ ಮಾಡಿ, 2 ಕಳೆದು, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಉಳಿದರೆ ಅವಿಭಾಜ್ಯ.

ಘಾತ 3, 5, 7, 13, 17, 19, 31 ಎಲ್ಲ ಸರಿ ಬಂತು. 37ರಿಂದ 59ರವರೆಗೆ ಯಾವುದೂ ಅಲ್ಲ ಎಂದಿತು, ಅದೂ ಸರಿ. ಆದರೆ 61ಕ್ಕೂ ಅಲ್ಲ ಅನ್ನುತ್ತಿದೆ! 2305843009213693951 ಅವಿಭಾಜ್ಯ ಅಂತ ರಷ್ಯಾದ ಗಣಿತಜ್ಞ ಪೆರ್ವುಶಿನ್ 1883ರಲ್ಲೇ ತೋರಿಸಿದ್ದಾರೆ, ಅಲ್ವಾ? ವೇರಿಯಬಲ್‌ಗಳೆಲ್ಲ 64 ಬಿಟ್ ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದವು). ಸಂಖ್ಯೆ ಇರುವುದೇ 61 ಬಿಟ್. ಜಾಗ ಸಾಕಲ್ಲ?

ಗಣಕಪ್ಪ:
ಸಂಖ್ಯೆಗೆ ಸಾಕು, ಅದರ ವರ್ಗಕ್ಕೆ ಸಾಲದು. 61 ಬಿಟ್‌ನ ಶೇಷವನ್ನು ವರ್ಗ ಮಾಡಿದರೆ 122 ಬಿಟ್‌ವರೆಗೂ ಹೋಗುತ್ತದೆ. 64ರ ಆಚೆಗಿನದು ಸದ್ದಿಲ್ಲದೆ ಉದುರಿಹೋಗುತ್ತದೆ. ಅನ್‌ಸೈನ್ಡ್ ಆದ್ದರಿಂದ ಕಂಪೈಲರೂ ತುಟಿ ಬಿಚ್ಚುವುದಿಲ್ಲ.

ಮಜಾ ಏನಂದ್ರೆ, ನಿಮ್ಮ ಲೆಕ್ಕ ಕೆಟ್ಟಿದ್ದು 61ರಲ್ಲಿ ಅಲ್ಲ, 37ರಲ್ಲೇ. 31ರವರೆಗೆ ವರ್ಗ 62 ಬಿಟ್ ದಾಟುವುದಿಲ್ಲ, ಹಾಗಾಗಿ ಬಚಾವ್. 37ರಿಂದ 59ರವರೆಗೆ ಒಂದೂ ಮರ್ಸೆನ್ ಅವಿಭಾಜ್ಯ ಇಲ್ಲ. ಕಸದ ಶೇಷ ಬಂದರೂ ಅದು ಸೊನ್ನೆ ಅಲ್ಲವಾದ್ದರಿಂದ ಉತ್ತರ "ಅಲ್ಲ" ಎಂದೇ ಬಂತು. ಪಾಸಾಗಿದ್ದು ಅದೃಷ್ಟದಿಂದ!

ಜಿಸಿಸಿ ಕಂಪೈಲರ್ ಇದ್ದರೆ ಗುಣಾಕಾರಕ್ಕೆ ಮುಂಚೆ ಶೇಷವನ್ನು 128 ಬಿಟ್‌ಗೆ ಬದಲಿಸಿ. ಗುಣಿಸಿದ ಮೇಲೆ ಬದಲಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಬಿಟ್‌ಗಳು ಹೋಗಿರುತ್ತವೆ.

ಅಂಕಿಹುಳ:
61 ಬಂತು! ನೀವು ಹೇಳಿದ ಮೇಲೂ ಮೊದಲ ಸಲ ನಾನು ಅದೇ ತಪ್ಪು ಮಾಡಿದೆ, ಗುಣಿಸಿದ ಮೇಲೆ ಬದಲಿಸಿದ್ದೆ. ಇನ್ನೊಂದು: ಘಾತ 2 ಕೊಟ್ಟರೆ 3 ಅವಿಭಾಜ್ಯ ಅಲ್ಲ ಅನ್ನುತ್ತಿದೆ. 89ಕ್ಕೂ ಅಲ್ಲ ಅಂತಿದೆ.

ಗಣಕಪ್ಪ:
ಈ ಪರೀಕ್ಷೆ ಇರುವುದೇ ಬೆಸ ಘಾತಗಳಿಗೆ. 2ಕ್ಕೆ ಲೂಪ್ ಒಂದು ಸಲವೂ ಓಡುವುದಿಲ್ಲ, 4 ಹಾಗೇ ಉಳಿಯುತ್ತದೆ. ಅದನ್ನು ಬೇರೆಯಾಗಿ ಬರೆದುಬಿಡಿ. 89ರದ್ದು ಹಳೇ ಕಾಯಿಲೆ: ವರ್ಗ 178 ಬಿಟ್. ಇನ್ನು ಪೈಥಾನ್‌ಗೆ ಹೋಗಿ, ಅಲ್ಲಿ ಪೂರ್ಣಾಂಕಕ್ಕೆ ಮಿತಿ ಇಲ್ಲ.

ಶೇಷಪ್ರಿಯ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹೌದು-ಅಲ್ಲ ಮಾತ್ರ ಹೋಲಿಸಬೇಡಿ, ಕೊನೆಯ ಶೇಷವನ್ನೇ ಪ್ರಿಂಟ್ ಮಾಡಿ ಸಿ ಮತ್ತು ಪೈಥಾನ್ ಎರಡರದ್ದನ್ನೂ ಹೋಲಿಸಿ. ಹಾಗೆ ಮಾಡಿದ್ದರೆ 37ರಲ್ಲೇ ಸಿಕ್ಕಿಬೀಳುತ್ತಿತ್ತು. ಜಿಂಪ್ಸ್‌ನವರು (ಇಂಟರ್ನೆಟ್ ಮೂಲಕ ಎಲ್ಲರೂ ಸೇರಿ ಮರ್ಸೆನ್ ಅವಿಭಾಜ್ಯ ಹುಡುಕುವ ಯೋಜನೆ) ಮರುಪರೀಕ್ಷೆಯಲ್ಲಿ ಹೋಲಿಸುವುದೂ ಶೇಷದ ಕೊನೆಯ 64 ಬಿಟ್‌ಗಳನ್ನೇ.

ಅಂದಹಾಗೆ, 61 ತಪ್ಪಿಸಿಕೊಂಡಿದ್ದು ನಿಮ್ಮಿಂದ ಮಾತ್ರ ಅಲ್ಲ. ಈ ಸಂಖ್ಯೆಗಳಿಗೆ ಹೆಸರು ಕೊಟ್ಟ ಫ್ರಾನ್ಸಿನ ಮರ್ಸೆನ್ ಕೂಡ 1644ರಲ್ಲಿ ಮಾಡಿದ ಇಂಥ ಅವಿಭಾಜ್ಯಗಳ ಘಾತಗಳ ಪಟ್ಟಿಯಲ್ಲಿ ಅದನ್ನು ಬಿಟ್ಟಿದ್ದರು, ಬದಲಿಗೆ 67 ಸೇರಿಸಿದ್ದರು. ಆದರೆ 2^67 − 1 ಒಡೆಯುತ್ತದೆ: 193707721 × 761838257287.

ಅಂಕಿಹುಳ:
ಹೋಲಿಸಿದೆ. ಹಳೇ ಪ್ರೋಗ್ರಾಂನಲ್ಲಿ 37ರ ಶೇಷವೇ ಬೇರೆ ಬರುತ್ತಿತ್ತು. ಪೈಥಾನ್‌ನಲ್ಲಿ 89, 107, 127 ಮೂರೂ ಬಂದವು, 67 ಬರಲಿಲ್ಲ. ಇಬ್ಬರಿಗೂ ಥ್ಯಾಂಕ್ಸ್.