ಗಂಗಾವತಿಯಲ್ಲಿ ವಿಮಾನ ಇಳಿಸುವುದೆಲ್ಲಿ?

ಗಂಗಾವತಿಯ ನಮ್ಮ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಚರ್ಚೆಗೆ ವಿಷಯ ಬೇಕೆಂದೇನೂ ಇಲ್ಲ, ಮಿರ್ಚಿ ಬಿಸಿಯಿದ್ದರೆ ಸಾಕು. 2023ರ ಮೇ ತಿಂಗಳಲ್ಲಿ ಬೆಳಗಾವಿ ಹತ್ತಿರದ ಹೊನ್ನಿಹಾಳದಲ್ಲಿ ತರಬೇತಿ ವಿಮಾನವೊಂದು ಹೊಲಕ್ಕೆ ತುರ್ತಾಗಿ ಇಳಿದಿತ್ತಲ್ಲ, ಮಾಸ್ತರರು ಅದರ ಮಾತು ತೆಗೆದರು.

“ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆ, ಇನ್ನು ಇಳಿಯುವುದೆಲ್ಲಿ?” ಎಂದರು ಗೌಡರು.

“ಇಲ್ಲ ಗೌಡರೇ, ತೇಲುತ್ತದೆ. ಸೆಸ್ನಾ 172 ಎಂಬ ಸಣ್ಣ ವಿಮಾನ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಹೋಗುತ್ತದೆ. 3000 ಅಡಿ ಮೇಲಿದ್ದರೆ 8 ಕಿಲೋಮೀಟರ್, ಸುಮಾರು 4 ನಿಮಿಷ. ವೇಗ ಗಂಟೆಗೆ 120 ಕಿಲೋಮೀಟರ್ ಇರಬೇಕು, ಅದಕ್ಕೆ ಮೂತಿ ತಗ್ಗಿಸಬೇಕು. ಹೆದರಿ ಮೇಲೆತ್ತಿದರೆ, ಆಗ ನಿಮ್ಮ ಕಲ್ಲು.”

“ಎಂಜಿನ್ ನಿಲ್ಲುವುದಾದರೂ ಏಕೆ?”

“ಪೆಟ್ರೋಲ್ ಮುಗಿದಿರುತ್ತದೆ, ಅಥವಾ ಅದರಲ್ಲಿ ನೀರು ಸೇರಿರುತ್ತದೆ. ಇಲ್ಲವೇ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ. ಗಾಳಿಯಲ್ಲಿ ತೇವವಿದ್ದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಟ್ಟುತ್ತದೆ. ಪೆಟ್ರೋಲ್ ಆವಿಯಾಗುವಾಗ ಅಷ್ಟು ತಣ್ಣಗಾಗುತ್ತದೆ.”

“ನಮ್ಮ ಮನೆಯ ಫ್ರಿಜ್ಜಿನಲ್ಲೇ ಕಟ್ಟುವುದಿಲ್ಲ!” ಗೌಡರು ನಂಬಲಿಲ್ಲ. ಮೇ ತಿಂಗಳಲ್ಲಿ ಗಂಗಾವತಿಯಲ್ಲಿದ್ದವರು ಯಾರೂ ನಂಬಲಾರರು.

ಸರಿ, ನಮ್ಮೂರ ಮೇಲೆ ಎಂಜಿನ್ ಕೈಕೊಟ್ಟರೆ? ಆನೆಗೊಂದಿ ಕಡೆ ಬರೀ ಬಂಡೆ. ಉಳಿದದ್ದು ಕಾಲುವೆ ನೀರಿನ ಭತ್ತದ ಗದ್ದೆ.

“ಮೆತ್ತಗಿರುತ್ತದೆ, ಇಳಿಯಲಿ” ಎಂದೆ.

“ಮೆತ್ತಗಿರುವುದೇ ತೊಂದರೆ” ಎಂದರು ಮಾಸ್ತರರು. “ಮುಂದಿನ ಚಕ್ರ ಕೆಸರಿಗೆ ಹೂತು ವಿಮಾನ ಪಲ್ಟಿ ಹೊಡೆಯುತ್ತದೆ. ಕೊಯ್ಲಾಗಿ ಒಣಗಿದ ಗದ್ದೆ ವಾಸಿ, ಅದೂ ಬದುವಿಗೆ ಅಡ್ಡವಾಗಿ ಅಲ್ಲ, ಬದುವಿನ ಗುಂಟ, ಗಾಳಿಗೆ ಎದುರಾಗಿ.”

ಗೌಡರ ಮುಖ ಗಂಭೀರವಾಯಿತು. “ನನ್ನ ಗದ್ದೆಯಲ್ಲಿ ಈಗ ಸೋನಾ ಮಸೂರಿ ತೆನೆ ಬಿಟ್ಟಿದೆ. ಪರಿಹಾರ ಪೈಲಟ್ ಕೊಡುತ್ತಾನೋ, ಸರ್ಕಾರವೋ?” ಆ ಪೈಲಟ್ ಇನ್ನೂ ಹುಟ್ಟಿಯೇ ಇಲ್ಲದಂತಿದ್ದರೂ ಎಕರೆಗೆ ಇಷ್ಟು ಚೀಲ ಎಂದು ಲೆಕ್ಕ ಶುರುವಾಯಿತು.

“ಹಾಗಾದರೆ ಸಿಂಧನೂರು ರಸ್ತೆಗೆ ಇಳಿಸಲಿ” ಎಂದೆ.

ಅಷ್ಟು ಹೊತ್ತು ಒಗ್ಗರಣೆಯಲ್ಲಿದ್ದ ಶೇಂಗಾ ಆರಿಸುತ್ತಿದ್ದ ಲೈನ್‌ಮನ್ ಮಾವ ತಲೆಯೆತ್ತಿದ. “ಅಲ್ಲಿ ತಂತಿ ಇದೆ. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಮೊದಲೇ ನನಗೊಂದು ಫೋನ್ ಮಾಡಿದರೆ ಲೈನ್ ಆಫ್ ಮಾಡಿಸುತ್ತೇನೆ.”

“ಇರುವುದೇ 4 ನಿಮಿಷ. ಹೋದ ವಾರ ನಮ್ಮ ಓಣಿಯಲ್ಲಿ ಕರೆಂಟ್ ಹೋದಾಗ ರಾತ್ರಿಯಿಡೀ ಫೋನ್ ಮಾಡಿದೆವಲ್ಲ ಮಾವ?”

“ಅದು ಬೇರೆ” ಎಂದ ಮಾವ. “ನೀವೇನು ಮೇಲಿನಿಂದ ಇಳಿಯುತ್ತಿದ್ದಿರೇ?”