ಮಗನ ಮನೆಗೆ ಹೋದಾಗ ಹಕ್ಕಿಗೆಂದೇ ಒಂದು ದಿನ: ಹೋಗಿ ಬಂದವರ ಅನುಭವ

ಕೇಳಿದವರು, ದಾವಣಗೆರೆ:

ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ, ಮಗನ ಮನೆಗೆ ಹೊರಟಿದ್ದೇನೆ. ಎರಡು ತಿಂಗಳು ಇರುತ್ತೇನೆ. ಇಲ್ಲಿ ಭಾನುವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಕೊಂಡಜ್ಜಿ ಕೆರೆಗೆ ಹೋಗುವುದು ರೂಢಿ. ಅಲ್ಲೂ ಒಂದು ದಿನ ಪೂರ್ತಿ ಹಕ್ಕಿಗೇ ಇಡಬೇಕು ಅಂತ ಆಸೆ. ಮಗ, ಸೊಸೆ ಇಬ್ಬರಿಗೂ ಕೆಲಸ. ನನಗೆ ಕಾರು ಓಡಿಸಲು ಬರುವುದಿಲ್ಲ, ಮಂಡಿ ನೋವು ಬೇರೆ. ಎಲ್ಲಿಗೆ ಹೋಗಲಿ, ಯಾವ ಹೊತ್ತಿಗೆ ಹೋಗಲಿ?

ದಾವಣಗೆರೆ ವಿದ್ಯಾನಗರದಿಂದ:

ಹೋದ ಚಳಿಗಾಲ ನಾನೂ ಅದೇ ಊರಲ್ಲಿ ಮಗಳ ಮನೆಯಲ್ಲಿದ್ದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಗಡಿಯಾರ ನೋಡಿ ಹೊರಡಬೇಡಿ. ಸಮುದ್ರದ ಉಬ್ಬರ ಇಳಿತ ನೋಡಿ ಹೊರಡಿ.

ನಮಗೆ ಕೆರೆ ನೋಡಿ ಅಭ್ಯಾಸ, ಅಲ್ವಾ? ಕೊಂಡಜ್ಜಿಯಲ್ಲಿ ಬೆಳಿಗ್ಗೆ ನೀರು ಎಲ್ಲಿರುತ್ತದೋ ಸಂಜೆಯೂ ಅಲ್ಲೇ ಇರುತ್ತದೆ. ಎಷ್ಟು ಬೇಗ ಹೋದರೆ ಅಷ್ಟು ಹಕ್ಕಿ. ಅದೇ ಲೆಕ್ಕದಲ್ಲಿ ರಜೆಯ ದಿನ ಅಳಿಯನನ್ನು ಕತ್ತಲಲ್ಲೇ ಎಬ್ಬಿಸಿ, ಡಂಬಾರ್ಟನ್ ಸೇತುವೆ ಪಕ್ಕದ ಡಾನ್ ಎಡ್ವರ್ಡ್ಸ್ ವನ್ಯಜೀವಿ ತಾಣಕ್ಕೆ ಹೋದೆ. 1972ರಲ್ಲಿ ಆದದ್ದು, ಸುಮಾರು 30,000 ಎಕರೆ, ಟಿಕೆಟ್ ಇಲ್ಲ. ಬೆಳಕು ಹರಿದ ಮೇಲೆ ನೋಡಿದರೆ ನೀರೇ ಇಲ್ಲ! ಕಣ್ಣು ಹಾಯುವಷ್ಟು ದೂರ ಕೆಸರು. ಅದರ ಆಚೆ ತುದಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಹಕ್ಕಿ. ಬೈನಾಕ್ಯುಲರ್‌ಗೂ ಸಿಗಲಿಲ್ಲ. ಮಗಳು ಕಟ್ಟಿಕೊಟ್ಟಿದ್ದ ಒಗ್ಗರಣೆ ಮಂಡಕ್ಕಿ ತಿಂದು ವಾಪಸ್ ಬಂದೆವು. ತುಂಬ ಬೇಜಾರಾಗಿತ್ತು.

ಟೆಲಿಸ್ಕೋಪ್ ಹೊತ್ತು ಬಂದಿದ್ದ ಅಲ್ಲಿಯ ಅಜ್ಜಿಯೊಬ್ಬರು ವಿಷಯ ಬಿಡಿಸಿ ಹೇಳಿದ್ದರು. ಅಲ್ಲಿ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ಹಕ್ಕಿಗಳೆಲ್ಲ ಹುಳ ಹುಡುಕುತ್ತ ಕೆಸರಿನ ತುಂಬ ಚದುರಿಹೋಗುತ್ತವೆ. ನೀರು ಏರಿದಂತೆ ಅವಕ್ಕೆ ನಿಲ್ಲಲು ಜಾಗ ಇರುವುದಿಲ್ಲ. ಹಿಂಡು ಹಿಂಡಾಗಿ ದಂಡೆಗೆ, ಉಪ್ಪಿನ ಹೊಂಡಗಳಿಗೆ, ನಮ್ಮ ಹತ್ತಿರಕ್ಕೇ ಬಂದು ಸೇರುತ್ತವೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋದ ವಾರದ ಸಮಯ ಈ ವಾರಕ್ಕೆ ಬರುವುದಿಲ್ಲ. ಫೋನಿನಲ್ಲಿ ಆ ಜಾಗದ ಉಬ್ಬರದ ವೇಳಾಪಟ್ಟಿ ಸಿಗುತ್ತದೆ. ಮಗನಿಗೆ ಹೇಳಿ, ತೆಗೆದುಕೊಡುತ್ತಾನೆ. ಉಬ್ಬರ ತುಂಬುವ ಮೊದಲಿನ ಎರಡು ಗಂಟೆ ನೀವು ಅಲ್ಲಿರಬೇಕು.

ಎರಡನೇ ಸಲ ಹಾಗೇ ಮಾಡಿದೆ. ಮಧ್ಯಾಹ್ನ ಊಟ ಮುಗಿಸಿ ನಿಧಾನಕ್ಕೆ ಹೋದೆವು. ನಮ್ಮ ಕೆರೆ ಏರಿಯ ಹಾಗೇ ಮಣ್ಣಿನ ಏರಿ, ಮೇಲೆ ಸಮತಟ್ಟಾದ ದಾರಿ. ಇಪ್ಪತ್ತು ಅಡಿ ದೂರದಲ್ಲಿ ಅವೊಸೆಟ್‌ಗಳು! ಕೊಕ್ಕು ತೆಳ್ಳಗೆ, ತುದಿ ಮೇಲಕ್ಕೆ ಬಾಗಿರುತ್ತದೆ. ಅದನ್ನು ನೀರಿಗಿಟ್ಟು ಎಡಕ್ಕೆ ಬಲಕ್ಕೆ ಬೀಸುತ್ತ ಸಾಲಾಗಿ ನಡೆಯುತ್ತವೆ, ಥೇಟ್ ಕುಡುಗೋಲು ಬೀಸಿದ ಹಾಗೆ. ಪಕ್ಕದಲ್ಲೇ ನಮ್ಮ ಮೆಟ್ಟುಗಾಲು ಹಕ್ಕಿಯ ದಾಯಾದಿ, ಅದೇ ಕೆಂಪು ಕಾಲು. ಕುತ್ತಿಗೆ ಹಿಂಭಾಗ ಮಾತ್ರ ಕಪ್ಪು.

ಆದರೆ ನನಗೆ ಕಣ್ಣು ತುಂಬಿ ಬಂದದ್ದು ಚಲುಕದ ಬಾತು ನೋಡಿ. ಚಳಿಗಾಲದಲ್ಲಿ ನಮ್ಮ ಕಡೆ ಕೆರೆಗಳಿಗೆ ಬರುತ್ತದಲ್ಲ, ಸಲಿಕೆಯಂಥ ಕೊಕ್ಕಿನದು, ಅದೇ ಜಾತಿ. ಏಳೆಂಟು ಬಾತು ಗುಂಪಾಗಿ ಗಾಣದ ಹಾಗೆ ಸುತ್ತು ಹಾಕುತ್ತ ನೀರು ಕಲಕಿ ಮೇಯುತ್ತಿದ್ದವು. ಇಲ್ಲಿಗೆ ಬರುವವು ಏಷ್ಯಾದ ಉತ್ತರದಿಂದ ಬರುತ್ತವೆ, ಅಲ್ಲಿಗೆ ಬರುವವು ಅಮೆರಿಕದ ಉತ್ತರದಿಂದ. ಊರು ಬಿಟ್ಟು ಎರಡು ತಿಂಗಳಾಗಿತ್ತು ನನಗೆ. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಈ ಜಾಗಕ್ಕೆ ಬಸ್ಸು ನಂಬಿ ಹೋಗಬೇಡಿ. ಶನಿವಾರವೋ ಭಾನುವಾರವೋ ಮಗನೇ ಕಾರಲ್ಲಿ ಕರೆದುಕೊಂಡು ಹೋಗಲಿ.

ಚಿತ್ರದುರ್ಗದಿಂದ:

ಮಗನ ರಜೆ ಕಾಯಲೇಬೇಕು ಅಂತೇನಿಲ್ಲ. ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿದರೆ ಗಾಡಿ ಬದಲಿಸದೆ ಓಕ್ಲೆಂಡ್‌ನ ಲೇಕ್ ಮೆರಿಟ್ ನಿಲ್ದಾಣದಲ್ಲಿ ಇಳಿಯಬಹುದು. 65 ದಾಟಿದವರು ಹಿರಿಯರ ಕ್ಲಿಪ್ಪರ್ ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್ ದರ ಕಡಿಮೆ. ಈ ಸರೋವರ ಊರಿನ ಮಧ್ಯದಲ್ಲೇ ಇದೆ. 1870ರಲ್ಲೇ ಇದನ್ನು ವನ್ಯಜೀವಿ ಆಶ್ರಯ ಅಂತ ಘೋಷಿಸಿದರು, ಆ ದೇಶದಲ್ಲಿ ಇದೇ ಮೊದಲನೆಯದು. ಹಕ್ಕಿಗಳಿಗೆಂದೇ ಸಣ್ಣ ಸಣ್ಣ ದ್ವೀಪ ಮಾಡಿದ್ದಾರೆ. ಅವು ಲೇಕ್‌ಸೈಡ್ ಪಾರ್ಕ್ ಕಡೆ ಇವೆ. ಮಂಡಿ ನೋವು ಇದೆ ಅಂದಿರಲ್ಲ, ನಿಲ್ದಾಣದಿಂದ ಅಲ್ಲಿಗೆ ಕ್ಯಾಬ್ ಹಿಡಿಯಿರಿ. ಪೂರ್ತಿ ಸುತ್ತು ಐದು ಕಿಲೋಮೀಟರಿಗೂ ಜಾಸ್ತಿ, ಅದು ಬೇಡ. ಬೆಂಚಿನ ಮೇಲೆ ಕೂತೇ ನೋಡಬಹುದು.

ಅಲ್ಲಿ ಇರುಳು ಬಕ ನೋಡಿ ಬನ್ನಿ. ನಮ್ಮಲ್ಲಿ ಕೆರೆ ದಂಡೆಯ ಮರದಲ್ಲಿ ಹಗಲೆಲ್ಲ ಕುತ್ತಿಗೆ ಒಳಗೆಳೆದುಕೊಂಡು ಕೂರುತ್ತದಲ್ಲ, ಅದೇ ಹಕ್ಕಿ. ಶಾಲೆ ಮಕ್ಕಳು ಪಟ್ಟು ಹಿಡಿದು ಕೇಳಿದ್ದಕ್ಕೆ 2019ರಲ್ಲಿ ಓಕ್ಲೆಂಡ್ ನಗರ ಅದನ್ನೇ ತನ್ನ ಹಕ್ಕಿ ಮಾಡಿಕೊಂಡಿತು. ನನ್ನ ಮೊಮ್ಮಗಳಿಗೆ ಇದನ್ನು ಹೇಳಿದೆ. ಅಂದಿನಿಂದ ಅವಳು ಕೆರೆ ಕಂಡಲ್ಲೆಲ್ಲ ಮೊದಲು ಮರ ನೋಡುತ್ತಾಳೆ.

ಗೋಲ್ಡನ್ ಗೇಟ್ ಬರ್ಡ್ ಅಲಯನ್ಸ್‌ನವರು ಹೊಸಬರನ್ನೂ ಉಚಿತವಾಗಿ ಹಕ್ಕಿ ನೋಡಲು ಕರೆದೊಯ್ಯುತ್ತಾರೆ. ಭಾಷೆಯ ಸಂಕೋಚ ಬೇಡ. ಹಕ್ಕಿ ಕಡೆ ಕೈ ತೋರಿಸಿದರೆ ಸಾಕು, ಟೆಲಿಸ್ಕೋಪ್ ಬಿಟ್ಟುಕೊಡುತ್ತಾರೆ.

ಚನ್ನಗಿರಿಯಿಂದ:

ಹೊರಗೆ ಹೋಗಲು ಆಗದ ದಿನ ಮನೆ ಹಿತ್ತಲಲ್ಲೇ ಕೂರಿ. ಆನ್ನಾಸ್ ಹಮ್ಮಿಂಗ್‌ಬರ್ಡ್ ಚಳಿಗಾಲದಲ್ಲೂ ಅಲ್ಲೇ ಇರುತ್ತದೆ. ನಮ್ಮ ಸೂರಕ್ಕಿ ಹೂವಿನ ಟೊಂಗೆ ಹಿಡಿದು ಕೂತು ಕುಡಿಯುತ್ತದೆ. ಇದು ಗಾಳಿಯಲ್ಲೇ ನಿಂತು ಕುಡಿಯುತ್ತದೆ, ಹಿಂದಕ್ಕೂ ಹಾರುತ್ತದೆ. ಗಂಡಿನ ಗಂಟಲು ಸುಮ್ನೆ ಕಪ್ಪಗೆ ಕಾಣುತ್ತಿರುತ್ತದೆ. ತಲೆ ನಮ್ಮ ಕಡೆ ತಿರುಗಿಸಿದ ಕೂಡಲೇ ಕೆಂಡದ ಹಾಗೆ ಗುಲಾಬಿ! ಮತ್ತೆ ತಿರುಗಿಸಿದರೆ ಕಪ್ಪು. ಸೂಳೆಕೆರೆ ಹತ್ತಿರ ಇಷ್ಟು ವರ್ಷ ಹಕ್ಕಿ ನೋಡಿದ್ದೇನೆ, ಇಂಥದ್ದು ಕಂಡಿರಲಿಲ್ಲ.

ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ಉಚಿತ. ಆ ಪ್ರದೇಶದ ಹಕ್ಕಿಗಳ ಕಡತವನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೊರಡಿ. ಕೂಗು ಕೇಳಿ ಹೆಸರು ಹೇಳುತ್ತದೆ. ಬೈನಾಕ್ಯುಲರ್ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ.

ಮತ್ತೆ ವಿದ್ಯಾನಗರದಿಂದ:

ಒಂದು ಮರೆತಿದ್ದೆ. ಡಿಸೆಂಬರ್, ಜನವರಿಯಲ್ಲಿ ಕೆಲವು ದಿನ ಅಲ್ಲಿ ಉಬ್ಬರ ವಿಪರೀತ ಏರುತ್ತದೆ. ಕಿಂಗ್ ಟೈಡ್ ಅನ್ನುತ್ತಾರೆ. ಜೌಗು ಹುಲ್ಲೆಲ್ಲ ಮುಳುಗಿ, ಒಳಗೆ ಅಡಗಿರುವ ರಿಜ್ವೇಸ್ ರೈಲ್ ಎಂಬ ಅಪರೂಪದ ಜೌಗುಕೋಳಿ ಅಂಚಿಗೆ ಬರುತ್ತದೆ. ಪಾಲೋ ಆಲ್ಟೋ ಬೇಲ್ಯಾಂಡ್ಸ್‌ನ ಮರದ ಹಲಗೆ ದಾರಿಯಿಂದ ನೋಡಬಹುದು, ನಡೆಯಲು ಕಷ್ಟವಿಲ್ಲ. ಅವತ್ತು ಅದಕ್ಕೆ ಮರೆ ಇರುವುದಿಲ್ಲ, ಗಿಡುಗದ ಭಯ. ಫೋಟೋಗೆಂದು ಹತ್ತಿರ ಹೋಗಿ ಓಡಿಸಬೇಡಿ, ನಿಂತಲ್ಲೇ ನಿಂತು ನೋಡಿ. ಗಾಳಿ ಬಹಳ. ಕಿವಿ ಮುಚ್ಚುವ ಉಲನ್ ಟೋಪಿ ಇಲ್ಲಿಂದಲೇ ತೆಗೆದುಕೊಂಡು ಹೋಗಿ.